ಅತ್ತೆಯೂ ನೀರು ಕುಡಿಯುತ್ತಿರಲಿಲ್ಲ, ಸೊಸೆಯೂ

ಮನೆಯ ಹಿರಿಯರಿಗೆ ಬುದ್ಧಿ ಭ್ರಮಣೆ ಆಗಿದೆ ಎಂದು ನನ್ನ ಬಳಿ ಆಪ್ತಸಲಹೆಗೆ ಬರುವವರಲ್ಲಿ ಜಾಸ್ತಿ ಜನ ಸೊಸೆಯರು, ಹೆಣ್ಣುಮಕ್ಕಳು. ಕೆಲಸಕ್ಕೆ ಹೋಗುವವರು. ಅರ್ಧ ದಿನ ರಜೆ ಹಾಕಿ ಬಂದಿರುತ್ತಾರೆ. ಅವರಲ್ಲಿ ಕೆಲವರನ್ನು ನಾನು ಮಾತಿಗೆ ಕೂರಿಸುವ ಮೊದಲೇ ಆ ಹಿರಿಯರ ಜೊತೆ ಡಾಕ್ಟರ್ ಹತ್ತಿರ ಕಳಿಸುತ್ತೇನೆ. "ಸಮಾಧಾನ ಹೇಳ್ತೀರಿ ಅಂತ ಬಂದ್ರೆ ಆಸ್ಪತ್ರೆಗೆ ಅಟ್ತೀರಲ್ಲ" ಎಂದು ಬೈಸಿಕೊಂಡದ್ದೂ ಇದೆ. ಹಾಗೆ ಯಾಕೆ ಮಾಡುತ್ತೇನೆ ಎಂದು ಹೇಳಲು ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅತ್ತೆ ಸೊಸೆ ಇಬ್ಬರ ಒಪ್ಪಿಗೆಯೂ ಇದೆ.

ಸೊಸೆಗೆ ನಲವತ್ತರ ಆಸುಪಾಸು. ಮಂಡ್ಯ ಕಡೆಯ ಹಳ್ಳಿಯಿಂದ ಕಂಪನಿ ವ್ಯಾನಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗಿಬರುವ ಟೈಲರ್. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಅತ್ತೆಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ತಗೊಳ್ಳುತ್ತಾರೆ. ಆಯಮ್ಮ ರಾತ್ರಿಯೆಲ್ಲ ಸತ್ತುಹೋದ ಗಂಡನ ಜೊತೆ ಮಾತಾಡುತ್ತಿದ್ದರು. ಹಗಲು ತೂಕಡಿಕೆ. ಒಮ್ಮೆ ಸೊಸೆಯನ್ನೇ "ಯಾರು ನೀನು" ಎಂದು ಕೇಳಿದ್ದರು. "ಮೊನ್ನೆ ಕೈ ಎತ್ತಿಬಿಟ್ಟೆ ಮೇಡಂ. ಹೊಡೀಲಿಲ್ಲ. ಆದ್ರೆ ಎತ್ತಿದೆ," ಎಂದು ಸೊಸೆ ಅತ್ತರು. ಯಾವುದಾದರೂ ಆಶ್ರಮ ಇದ್ದರೆ ತಿಳಿಸಿ ಎಂದರು.

ಆಶ್ರಮದ ವಿಷಯ ಆಮೇಲೆ ನೋಡೋಣ, ಇದು ಯಾವಾಗಿನಿಂದ ಎಂದೆ.

"ಐದಾರು ದಿನ ಆಯ್ತು."

ಅದಕ್ಕೆ ಮುಂಚೆ?

"ಚೆನ್ನಾಗಿದ್ರು. ಡೈರಿಗೆ ಹಾಕೋ ಹಾಲಿನ ಲೆಕ್ಕ ಎಲ್ಲ ಅವರದ್ದೇ."

ಅಷ್ಟು ಸಾಕಾಗಿತ್ತು. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಹೋದ ವಾರ ಹಾಲಿನ ಲೆಕ್ಕ ಹಾಕಿದವರು ಈ ವಾರ ಸೊಸೆಯನ್ನು ಗುರುತು ಹಿಡಿಯದಿದ್ದರೆ ಮೈಯಲ್ಲಿ ಏನೋ ಆಗಿದೆ ಎಂದೇ ಲೆಕ್ಕ. ಸೋಂಕು ಇರಬಹುದು, ಸಕ್ಕರೆ ಇಳಿದಿರಬಹುದು, ರಕ್ತದಲ್ಲಿ ಉಪ್ಪಿನಂಶ ಕಡಿಮೆ ಆಗಿರಬಹುದು. ಮೆಡಿಕಲ್ ಸ್ಟೋರಿನಿಂದ ಸುಮ್ನೆ ತಂದ ನೆಗಡಿ ಮಾತ್ರೆ, ನಿದ್ದೆ ಮಾತ್ರೆಯೂ ವಯಸ್ಸಾದವರಿಗೆ ಹೀಗೆ ಮಾಡುತ್ತವೆ. ವಯಸ್ಸಾದ ಮೇಲೆ ಸೋಂಕಾದರೂ ಜ್ವರ ಕಾಣಿಸದೇ ಇರಬಹುದು, ಮೊದಲು ಮಾತು ಹಳಿ ತಪ್ಪಬಹುದು. ನಮ್ಮ ದೇಶದಲ್ಲಿ ಅರವತ್ತು ದಾಟಿದವರನ್ನು ಪರೀಕ್ಷಿಸಿ ನೋಡಿದ ಒಂದು ದೊಡ್ಡ ಸಮೀಕ್ಷೆಯ ಅಂದಾಜು 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಮರೆವಿನ ಕಾಯಿಲೆ ಇದ್ದವರು ನೂರಕ್ಕೆ ಸುಮಾರು 7.4. ಕಡಿಮೆ ಏನಲ್ಲ. ಆದರೆ ನಮ್ಮ ಊರುಗಳಲ್ಲಿ ಅರಳುಮರಳು ಎಂಬ ಹಣೆಪಟ್ಟಿ ಅದಕ್ಕಿಂತ ಎಷ್ಟೋ ಜಾಸ್ತಿ ಜನಕ್ಕೆ ಅಂಟಿದೆ.

ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಮೂತ್ರದ ಸೋಂಕು, ಜೊತೆಗೆ ಮೈಯಲ್ಲಿ ನೀರಿನಂಶವೇ ಇಲ್ಲ. ಡ್ರಿಪ್ ಹಾಕಿದರು, ಔಷಧಿ ಕೊಟ್ಟರು. ಕೆಲವೇ ದಿನಕ್ಕೆ ಸೊಸೆಯ ಗುರುತು ಸಿಕ್ಕಿತು. ಪೂರ್ತಿ ಮೊದಲಿನಂತಾಗಲು ಇನ್ನೂ ಕೆಲವು ವಾರ ಬೇಕಾಯಿತು.

ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಈ ಭೇಟಿಯ ಬಗ್ಗೆಯೂ ಹೇಳಲೇಬೇಕು. ಸೊಸೆ ಮುಖ ಸಿಂಡರಿಸಿಕೊಂಡೇ ಇದ್ದರು. "ಇವ್ರಿಗೆ ನೀರು ಕುಡೀರಿ ಅಂತ ಹೇಳಿ ಹೇಳಿ ಸಾಕಾಗಿದೆ. ಹಟ ಮೇಡಂ ಹಟ." ಯಾಕಮ್ಮ ಕುಡಿಯಲ್ಲ ಎಂದು ಅತ್ತೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಂಡರು.

"ಕುಡುದ್ರೆ ರಾತ್ರಿ ಏಳ್ಬೇಕು ಕಣವ್ವ. ಹಿತ್ಲಾಗೆ ಕತ್ಲು. ಒಂದ್ಸಲ ಜಾರಿ ಬಿದ್ದಿವ್ನಿ. ಇವ್ಳನ್ನ ಎಬ್ಬುಸ್ಬೇಕು. ಇವ್ಳು ಬೆಳಗಾನ ಎದ್ದು ಅಡ್ಗೆ ಮಾಡಿ, ಸಂಜೆಗಂಟ ಮಿಷನ್ ತುಳಿತಾಳೆ. ಅದ್ಕೇ ಮದ್ಯಾನದ್ ಮೇಲೆ ನೀರು ಮುಟ್ಟಾಕಿಲ್ಲ."

ಸೊಸೆ ಏನೂ ಹೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಾನೂ ಕುಡಿಯಲ್ಲ ಮೇಡಂ" ಎಂದರು. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟದ ಜೊತೆ ಒಂದು ಲೋಟ ನೀರು, ಅಷ್ಟೇ. ಕಾರ್ಖಾನೆಯಲ್ಲಿ ಮಿಷನ್‌ಗಳ ಒಂದು ಲೈನಿಗೆ ಒಂದೇ ಟೋಕನ್. ಅದನ್ನು ಸೂಪರ್‌ವೈಸರ್ ಕೈಯಿಂದ ಇಸ್ಕೊಂಡು ಶೌಚಾಲಯಕ್ಕೆ ಹೋಗಬೇಕು. ಎದ್ದು ಹೋದರೆ ಪೀಸ್‌ಗಳು ರಾಶಿ ಬೀಳುತ್ತವೆ, ಟಾರ್ಗೆಟ್ ಮುಗಿಯಲ್ಲ, ಎಲ್ಲರ ಎದುರು ಬೈಗುಳ. ಉರಿಮೂತ್ರ ಆಗಾಗ ಬರುತ್ತಿತ್ತಂತೆ. ಬಾರ್ಲಿ ನೀರು, ಮೆಡಿಕಲ್‌ನವನು ಕೊಟ್ಟ ಮಾತ್ರೆ, ಅಲ್ಲಿಗೆ ಮುಗಿಯಿತು.

"ಒಂದ್ ದಿನಾನೂ ಹೇಳ್ನಿಲ್ವಲ್ಲಮ್ಮಿ" ಎಂದರು ಅತ್ತೆ.

"ನೀವು ಹೇಳಿದ್ರಾ?"

ಇಬ್ಬರೂ ನಕ್ಕುಬಿಟ್ಟರು. ಅಲ್ಲಿಯವರೆಗೆ ಅವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ನಾನು ಕೊಟ್ಟ ಸಲಹೆ ಕೇಳಿದರೆ ಇದೇನು ಆಪ್ತಸಲಹೆ ಎನಿಸಬಹುದು. ಅತ್ತೆಗೆ ಹೇಳಿದ್ದು: ಬೆಳಿಗ್ಗೆಯಿಂದ ಸಂಜೆಯೊಳಗೆ ಸ್ವಲ್ಪ ಸ್ವಲ್ಪವೇ ನೀರು, ಮಜ್ಜಿಗೆ ಕುಡಿದು ಮುಗಿಸಿ, ರಾತ್ರಿ ಊಟದ ಮೇಲೆ ಕಡಿಮೆ ಮಾಡಿ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಬಾಯಾರಲಿ ಎಂದು ಕಾಯಬೇಡಿ. ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡುವಂಥವೂ ಇವೆ. ಅಂಥದ್ದನ್ನು ಸಂಜೆ ನುಂಗುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದಾ ಎಂದು ಡಾಕ್ಟರನ್ನೇ ಕೇಳಿ. (ಹೃದಯ, ಕಿಡ್ನಿ ತೊಂದರೆ ಇದ್ದು ನೀರು ಅಳೆದು ಕುಡಿಯಿರಿ ಎಂದು ಹೇಳಿಸಿಕೊಂಡವರು ಈ ಮಾತು ಹಿಡಿದುಕೊಂಡು ಹೊರಡಬೇಡಿ.) ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆಯಾಗುತ್ತದೆ ಎನ್ನುವುದನ್ನೂ ಆಯಮ್ಮ ಮೆಲ್ಲಗೆ ಹೇಳಿದರು. ಅದಕ್ಕೆ ವ್ಯಾಯಾಮ ಇದೆ, ಚಿಕಿತ್ಸೆ ಇದೆ. ಅದಕ್ಕೆ ಹೆದರಿ ಮದುವೆಮನೆಗೆ ಹೋಗುವುದನ್ನೇ ಬಿಡುವುದು ಮದ್ದಲ್ಲ ಎಂದೆ.

ಇನ್ನು ಮಗ. ಅವನನ್ನು ಕರೆಸಿದೆ. ರಾತ್ರಿ ಅಮ್ಮನ ಜೊತೆ ಹಿತ್ತಲಿಗೆ ಹೋಗುವ ಕೆಲಸ ದಿನ ಬಿಟ್ಟು ದಿನ ನಿನ್ನದು ಎಂದೆ. ಅವನಿಗಿಂತ ಮೊದಲು ಅಮ್ಮನೇ ಬೇಡ ಎಂದರು, ಗಂಡುಮಗನ ಕೈಲಿ ಹೆಂಗಾಯ್ತದೆ ಅಂತ. ನಾನು ಬಿಡಲಿಲ್ಲ. ಕೊನೆಗೆ ಆದ ಒಪ್ಪಂದ ಇಷ್ಟು: ಅವನು ಹಿತ್ತಲಿಗೆ ಲೈಟ್ ಹಾಕಿಸಿ, ಗೋಡೆಗೆ ಹಿಡಿಕೆ ಕೂರಿಸಬೇಕು. ತನ್ನ ಸರದಿಯ ರಾತ್ರಿ ಬಾಗಿಲವರೆಗೆ ಹೋಗಿ ನಿಲ್ಲಬೇಕು. ಲೈಟೂ ಹಿಡಿಕೆಯೂ ಒಂದೇ ಭಾನುವಾರದಲ್ಲಿ ಆದವು.

ನನ್ನ ಜೊತೆ ಕೆಲಸ ಮಾಡುವವರೇ ಒಬ್ಬರು ಕೇಳಿದರು: ಅತ್ತೆ ಸೊಸೆ ಸಂಬಂಧದ ಬಗ್ಗೆ, ಎತ್ತಿದ ಕೈಯ ಬಗ್ಗೆ ಮಾತಾಡದೆ ಬರೀ ಉಚ್ಚೆಯ ಬಗ್ಗೆ ಮಾತಾಡಿದಿರಲ್ಲ? ಕೈ ಎತ್ತಿದ್ದರ ಬಗ್ಗೆ ಸೊಸೆಯ ಜೊತೆ ಬೇರೆಯಾಗಿ ಮಾತಾಡಿದ್ದೇನೆ, ಅದನ್ನು ಸಣ್ಣದು ಮಾಡಿಲ್ಲ. ಸಿಟ್ಟು ನೆತ್ತಿಗೇರಿದ ಹೊತ್ತಲ್ಲಿ ಕರೆ ಮಾಡಲು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ. ಅತ್ತೆಯ ಕೈಗೂ ಹಿರಿಯರ ಸಹಾಯವಾಣಿ 14567 ಕೊಟ್ಟೆ, ಸೊಸೆಯ ಎದುರಿಗೇ. ಆದರೆ ನಾಲ್ಕು ರಾತ್ರಿ ನಿದ್ದೆ ಇಲ್ಲದೆ, ಹಗಲೆಲ್ಲ ನೀರಿಲ್ಲದೆ ಮಿಷನ್ ಮುಂದೆ ಕೂತವಳಿಗೆ "ತಾಳ್ಮೆ ತಂದ್ಕೋ, ಹೊಂದಿಕೊಂಡು ಹೋಗು" ಎಂದು ನಾನು ಹೇಳಲಾರೆ. ಅವಳು ಈಗಾಗಲೇ ಜಾಸ್ತಿ ಹೊಂದಿಕೊಂಡಿದ್ದೇ ಉರಿಮೂತ್ರಕ್ಕೆ ಕಾರಣ. ಆಶ್ರಮಕ್ಕೆ ಸೇರಿಸುವುದು ಪಾಪ ಎಂದೂ ನಾನು ನಂಬುವುದಿಲ್ಲ. ಸೋಂಕಿನ ಭ್ರಮೆಯಲ್ಲಿರುವ ಮನುಷ್ಯರ ಬಗ್ಗೆ ಅಂಥ ತೀರ್ಮಾನ ಮಾಡಬಾರದು, ಅಷ್ಟೇ.

ಸೊಸೆಯ ಕೆಲಸದ ಜಾಗದ ವಿಷಯ ಕಷ್ಟದ್ದು. ಒಬ್ಬಳೇ ಹೋಗಿ ಜಗಳ ಮಾಡು ಎಂದು ಹೇಳಲಿಲ್ಲ. ಕೆಲಸ ಹೋದರೆ ಸಾಲದ ಕಂತು ನಾನು ಕಟ್ಟುತ್ತೇನಾ? ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು, ಕಾರ್ಖಾನೆಯಲ್ಲಿ ಇರುವಷ್ಟು ಹೊತ್ತೂ ಕೆಲಸಗಾರರು ಅದನ್ನು ಬಳಸುವಂತಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು, ಅದು ಯಾರೂ ಮಾಡುವ ಉಪಕಾರ ಅಲ್ಲ ಎಂದು ತಿಳಿಸಿದೆ. ಲೈನಿನ ಹೆಂಗಸರು ಒಟ್ಟಾಗಿ ವೆಲ್ಫೇರ್ ಆಫೀಸರ್ ಹತ್ತಿರ ಹೋಗಿ, ಸೂಪರ್‌ವೈಸರ್ ಹೆಸರೆತ್ತದೆ ಶೌಚಾಲಯದ ವಿಷಯ ಮಾತ್ರ ಕೇಳಿ ಎಂದೆ.

ಹೋದರು. ಈಗ ಲೈನಿಗೆ ಎರಡು ಟೋಕನ್ ಆಗಿದೆಯಂತೆ. ಟೋಕನ್ನೇ ಯಾಕೆ ಬೇಕು ಎಂದು ಕೇಳಿದ್ರಾ ಎಂದೆ. "ಅದಕ್ಕಿನ್ನೂ ಧೈರ್ಯ ಬಂದಿಲ್ಲ ಮೇಡಂ" ಎಂದರು. ಮುಂದಿನ ತಿಂಗಳು ಲೈನಿನ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾರೆ.