ಪ್ರತಿಕ್ರಿಯೆ: ಡಯಾಲಿಸಿಸ್‌ನಲ್ಲಿರುವ ತಂದೆಯವರ ಮೌನ

ಬೇಲೂರಿನ ಸಹೋದರಿಯವರಿಗೆ ನಮಸ್ಕಾರ. ವಾರಕ್ಕೆ 3 ಬಾರಿ ಹಾಸನಕ್ಕೆ ಡಯಾಲಿಸಿಸ್‌ಗೆ ಹೋಗಿಬರುವ ನಿಮ್ಮ ತಂದೆಯವರು ಮಾತು ಬಿಟ್ಟಿದ್ದಾರೆ, ‘ನಾನು ನಿಮಗೆಲ್ಲ ಹೊರೆ’ ಎನ್ನುತ್ತಾರೆ, ಇದು ಆಯಾಸವೋ ಖಿನ್ನತೆಯೋ ಎಂದು ಕೇಳಿದ್ದೀರಿ.

ಎರಡೂ ಇರಬಹುದು. ಮೂತ್ರಪಿಂಡಗಳು ಸೋತಾಗ ರಕ್ತಹೀನತೆಯಿಂದಲೂ ರಕ್ತದಲ್ಲಿ ಉಳಿಯುವ ಕಶ್ಮಲಗಳಿಂದಲೂ ಸುಸ್ತು, ನಿದ್ರಾಹೀನತೆ, ಹಸಿವಿಲ್ಲದಿರುವುದು ಉಂಟಾಗುವುದರಿಂದ, ಅವುಗಳ ಮರೆಯಲ್ಲಿ ಖಿನ್ನತೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಆದರೆ ‘ಹೊರೆ’ ಎಂಬ ಮಾತನ್ನು ದಯವಿಟ್ಟು ಸುಸ್ತಿನ ಲೆಕ್ಕಕ್ಕೆ ಸೇರಿಸಬೇಡಿ. ಬದುಕು ಸಾಕೆನಿಸಿದೆಯೇ ಎಂದು ಮೃದುವಾಗಿ, ನೇರವಾಗಿಯೇ ಕೇಳಿ; ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ, ಅಥವಾ ಡಯಾಲಿಸಿಸ್ಸೇ ಬೇಡವೆಂದರೆ, ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತಿಳಿಸಿ.

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೋವೈದ್ಯರಿಗೆ ಡಯಾಲಿಸಿಸ್ ವಿಷಯವನ್ನು ಮೊದಲೇ ಹೇಳಿ, ಏಕೆಂದರೆ ಕೆಲವು ಮಾತ್ರೆಗಳ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

ಇದೇ ಕಾಯಿಲೆಯಿದ್ದ ನನ್ನ ಅಣ್ಣನಿಗೆ ಸೂಜಿಗಿಂತ ಹೆಚ್ಚಾಗಿ ನೋವು ಕೊಟ್ಟಿದ್ದು, ನೀರು, ಕಾಫಿ ಎಲ್ಲ ಸೇರಿ ದಿನಕ್ಕೆ ಇಷ್ಟೇ ಕುಡಿಯಬೇಕೆಂಬ ಕಟ್ಟುಪಾಡಿನಿಂದಾಗಿ ನೆಂಟರ ಮನೆಯಲ್ಲಿ ಕಾಫಿಯನ್ನೂ ಬೇಡವೆನ್ನಬೇಕಾಗಿದ್ದು. ಹೀಗಾಗಿ ಅವನು ಯಾರ ಮನೆಗೂ ಹೋಗುವುದನ್ನೇ ನಿಲ್ಲಿಸಿದ್ದ. ವೈದ್ಯರನ್ನು ಕೇಳಿ, ದಿನದ ಅಳತೆಯೊಳಗೇ ಅರ್ಧ ಲೋಟ ಕಾಫಿಗೆ ಜಾಗ ಮಾಡಿದೆವು. ನಾವು ಅವನಿಂದ ಕಿತ್ತುಕೊಂಡಿದ್ದ ತೋಟದ ಮೆಣಸಿನ ಲೆಕ್ಕವನ್ನೂ ಮರಳಿ ಅವನ ಕೈಗೇ ಕೊಟ್ಟೆವು. ಮಾತು ಮರಳಿದ್ದು ನಿಧಾನವಾಗಿ, ಚಿಕಿತ್ಸೆಯೂ ಜೊತೆಗಿದ್ದುದರಿಂದ.