ಕ್ಯೂ ಹಿಡಿದವರ ಪ್ರಶ್ನೆ: ಕಟ್ ಶಾಟ್ ಯಾಕೆ ಥಿಕ್ ಆಗುತ್ತದೆ?

ಪ್ರಶ್ನೆ: ಸರ್, ನಾನು ದಾವಣಗೆರೆಯ ವಿದ್ಯಾನಗರದವನು, ಎಂಜಿನಿಯರಿಂಗ್ ಓದುತ್ತಿದ್ದೇನೆ. ಸಂಜೆ ಪೂಲ್ ಆಡುತ್ತೇನೆ, ಅದೇ ಕ್ಯೂ ಕೋಲಿನಿಂದ ಬಿಳಿ ಚೆಂಡನ್ನು (ವೈಟ್) ಹೊಡೆದು ಬಣ್ಣದ ಚೆಂಡನ್ನು ಟೇಬಲ್ ಅಂಚಿನ ಪಾಕೆಟ್‌ಗೆ ಬೀಳಿಸುವ ಆಟ. ಕಟ್ ಶಾಟ್‌ಗೆ (ಬಣ್ಣದ ಚೆಂಡನ್ನು ಓರೆಯಾಗಿ ಕಳಿಸುವ ಹೊಡೆತಕ್ಕೆ) ಗುರಿ ಹಿಡಿಯಲು ಒಬ್ಬರು ಘೋಸ್ಟ್ ಬಾಲ್ ಅಂತಾರೆ, ಇನ್ನೊಬ್ಬರು ಹಾಫ್ ಬಾಲ್, ಕ್ವಾರ್ಟರ್ ಬಾಲ್ ಲೆಕ್ಕ ಹೇಳ್ತಾರೆ, ಯೂಟ್ಯೂಬ್‌ನಲ್ಲಿ ಕ್ಯೂ ಕೋಲನ್ನು ಒಂದು ಬಿಂದುವಿನ ಮೇಲೆ ತಿರುಗಿಸಿ ಗುರಿ ಹಿಡಿಯುವ ಪಿವಟ್ ಸಿಸ್ಟಮ್ ಕಲಿಸ್ತಾರೆ. ಯಾವುದು ನಿಖರ? ಘೋಸ್ಟ್ ಬಾಲ್ ಲೆಕ್ಕದಲ್ಲೇ ಹೊಡೆದರೂ ನನ್ನ ಚೆಂಡು ಥಿಕ್ ಆಗಿಯೇ, ಅಂದರೆ ಬೇಕಾದಷ್ಟು ಓರೆಯಾಗದೆ, ಹೋಗುತ್ತೆ, ಯಾಕೆ?

ಉತ್ತರ: ಕಾಗದದ ಮೇಲೆ ಘೋಸ್ಟ್ ಬಾಲ್ ಪೂರ್ತಿ ಸರಿ. ಪಾಕೆಟ್‌ನಿಂದ ಬಣ್ಣದ ಚೆಂಡಿನ ಮಧ್ಯಕ್ಕೆ ಗೆರೆ ಎಳೆದು, ಅದೇ ಗೆರೆಯಲ್ಲಿ ಒಂದು ಚೆಂಡಿನ ಅಗಲ, ಅಂದರೆ 57.15 ಮಿ.ಮೀ. ಹಿಂದಕ್ಕೆ ಹೋದರೆ, ತಾಗುವ ಹೊತ್ತಿಗೆ ವೈಟ್‌ನ ಮಧ್ಯ ಅಲ್ಲಿರಬೇಕು. ಅಲ್ಲಿ ಇದೆಯೆಂದು ಊಹಿಸಿಕೊಳ್ಳುವ ಚೆಂಡೇ ಘೋಸ್ಟ್ ಬಾಲ್. ರೇಖಾಗಣಿತದಲ್ಲಿ ಇದಕ್ಕಿಂತ ಶುದ್ಧವಾದ ವಿಧಾನ ಇಲ್ಲ. ಆದರೆ ಈ ಲೆಕ್ಕ ಚೆಂಡುಗಳ ನಡುವೆ ಘರ್ಷಣೆಯೇ ಇಲ್ಲ ಎಂದುಕೊಂಡು ಹೊರಡುತ್ತದೆ. ನಿಮ್ಮ ಶಾಟ್ ಕೆಡುವುದು ಅಲ್ಲೇ.

ವೈಟ್ ಪಕ್ಕದಿಂದ ಉಜ್ಜಿಕೊಂಡು ಹೋಗುವಾಗ ಬಣ್ಣದ ಚೆಂಡನ್ನು ತನ್ನ ದಾರಿಯ ಕಡೆಗೆ ಸ್ವಲ್ಪ ಎಳೆಯುತ್ತದೆ. ಇದಕ್ಕೆ ಥ್ರೋ ಅನ್ನುತ್ತಾರೆ. ಹಾಫ್ ಬಾಲ್ (30 ಡಿಗ್ರಿ) ಸುತ್ತಮುತ್ತಲಿನ ಕಟ್‌ನಲ್ಲಿ, ವೈಟ್ ಉರುಳದೆ ಜಾರುತ್ತಾ ನಿಧಾನವಾಗಿ ಬಂದು ತಾಗಿದರೆ, ಅಂದರೆ ಮೆಲ್ಲಗಿನ ಸ್ಟನ್ ಶಾಟ್‌ನಲ್ಲಿ, ಇದು 4-5 ಡಿಗ್ರಿವರೆಗೂ ಹೋಗಬಹುದು. ಪಾಕೆಟ್ ಎಷ್ಟು ತಪ್ಪನ್ನು ತಡೆದುಕೊಳ್ಳುತ್ತದೆ ನೋಡಿ. ಬಾಯಿ ನಾಲ್ಕೂವರೆ ಇಂಚು, ಚೆಂಡು ಎರಡೂಕಾಲು. ಮೂರು ಅಡಿ ದೂರದ ಚೆಂಡಿಗೆ ಆಚೆ ಈಚೆ ಸಿಗುವ ಅವಕಾಶ ಎರಡು ಡಿಗ್ರಿಯೂ ಇಲ್ಲ. ನೀವು ಗುರಿ ಹಿಡಿದದ್ದು ಸರಿಯಾಗಿಯೇ ಇರಬಹುದು, ಆದರೂ ಚೆಂಡು ಪಾಕೆಟ್‌ನಿಂದ ಮೂರು ಇಂಚು ಸರಿದು ಕುಶನ್‌ಗೆ ಬಡಿಯುತ್ತದೆ.

ನನ್ನ ಮಾತು ನಂಬಬೇಡಿ, ಟೇಬಲ್ ಮೇಲೆ ನೋಡಿ. ಬಣ್ಣದ ಚೆಂಡನ್ನು ಮೂಲೆ ಪಾಕೆಟ್‌ನಿಂದ ಮೂರು ಅಡಿ ದೂರ ಇಡಿ. ಅದರ ಹಿಂದೆ ಪಾಕೆಟ್ ಗೆರೆಯಲ್ಲೇ ಇನ್ನೊಂದು ಚೆಂಡನ್ನು ತಾಗಿಸಿ ಇಡಿ. ಆ ಚೆಂಡು ಎತ್ತಿ, ಅದು ಕೂತಿದ್ದ ಜಾಗದಲ್ಲಿ, ಫೈಲ್ ಕಾಗದದ ತೂತಿಗೆ ಅಂಟಿಸುತ್ತಾರಲ್ಲ, ಆ ಸಣ್ಣ ಬಿಳಿ ಉಂಗುರ ಅಂಟಿಸಿ. ಈಗ ಸುಮಾರು 30 ಡಿಗ್ರಿ ಕಟ್ ಬರುವಂತೆ ವೈಟ್ ಇಟ್ಟು, ಉಂಗುರದ ಮಧ್ಯಕ್ಕೆ ಮೆಲ್ಲಗೆ ಸ್ಟನ್ ಹೊಡೆಯಿರಿ. ಥಿಕ್ ಹೋಗುತ್ತದೆ. ಅದನ್ನೇ ಜೋರಾಗಿ ಹೊಡೆಯಿರಿ, ಅಥವಾ ವೈಟ್ ಚೆನ್ನಾಗಿ ಉರುಳುತ್ತಾ ಬಂದು ತಾಗುವಂತೆ ಹೊಡೆಯಿರಿ. ತಪ್ಪು ಕಡಿಮೆಯಾಗುತ್ತದೆ. ಗುರಿ ಒಂದೇ, ಫಲ ಬೇರೆ ಬೇರೆ. ಆಮೇಲೆ ಉಂಗುರಕ್ಕಿಂತ ಮೂರು-ನಾಲ್ಕು ಮಿಲಿಮೀಟರ್ ಥಿನ್ ಆಗಿ, ಅಂದರೆ ಇನ್ನೂ ಅಂಚಿಗೆ ತಾಗುವಂತೆ, ಗುರಿ ಹಿಡಿದು ಅದೇ ಮೆಲ್ಲಗಿನ ಸ್ಟನ್ ಹೊಡೆಯಿರಿ. ಚೆಂಡು ಒಳಗೆ ಬಿದ್ದ ಸದ್ದು ಕೇಳಿದಾಗ ನಿಮ್ಮ ಕಣ್ಣಿನ ಮೇಲೆ ನಿಮಗೆ ಮತ್ತೆ ನಂಬಿಕೆ ಬರುತ್ತದೆ. ನನಗೆ ಬೇಕಾಗಿರುವುದು ಅದೇ. ಎಷ್ಟೋ ಒಳ್ಳೆಯ ಹುಡುಗರು ತಮ್ಮ ಕಣ್ಣೇ ಸರಿಯಿಲ್ಲ ಎಂದುಕೊಂಡು ವಾರಕ್ಕೊಂದು ಸಿಸ್ಟಮ್ ಬದಲಿಸುವುದನ್ನು ನೋಡಿ ಸಂಕಟವಾಗುತ್ತದೆ.

ಬಲಕ್ಕೆ ಕಟ್ ಮಾಡುವಾಗ ವೈಟ್‌ಗೆ ಸ್ವಲ್ಪ ಎಡ ಸೈಡ್ ಕೊಟ್ಟರೂ, ಅಂದರೆ ಮಧ್ಯದಿಂದ ಎಡಕ್ಕೆ ಹೊಡೆದು ತಿರುಗಿಸಿದರೂ, ಥ್ರೋ ಇಲ್ಲವಾಗುತ್ತದೆ, ನಿಜ. ಆದರೆ ಸೈಡ್ ಕೊಟ್ಟ ಕೂಡಲೇ ವೈಟ್ ಹೊರಡುವ ದಾರಿಯೇ ಕೊಂಚ ಬದಲಾಗುತ್ತದೆ. ಸದ್ಯಕ್ಕೆ ಅದರ ತಂಟೆ ಬೇಡ.

ಇನ್ನು ಹಾಫ್ ಬಾಲ್ ಲೆಕ್ಕ. ವೈಟ್ ಬಣ್ಣದ ಚೆಂಡಿನ ಮುಕ್ಕಾಲು ಭಾಗಕ್ಕೆ ತಾಗಿದರೆ ಕಟ್ ಕೋನ 14.5 ಡಿಗ್ರಿ, ಅರ್ಧಕ್ಕೆ 30, ಕಾಲಿಗೆ 48.6. ಅರ್ಧಕ್ಕೂ ಕಾಲಿಗೂ ನಡುವೆ 18 ಡಿಗ್ರಿಗೂ ಹೆಚ್ಚು ಖಾಲಿ ಬಿದ್ದಿದೆ, ಅದನ್ನು ಕಣ್ಣೇ ತುಂಬಬೇಕು. ಆದರೂ ಹಾಫ್ ಬಾಲ್ ಕಲಿಯಿರಿ. ವೈಟ್‌ನ ಮಧ್ಯವನ್ನು ಬಣ್ಣದ ಚೆಂಡಿನ ಅಂಚಿಗೇ ಗುರಿಯಿಡುವುದರಿಂದ ಕಣ್ಣಿಗೆ ಕಾಣುವ ಗುರುತು ಸಿಗುತ್ತದೆ. ಪಿವಟ್ ಸಿಸ್ಟಮ್‌ಗಳದ್ದೂ ಇದೇ ಕಥೆ. ಅವು ಕೊಡುವ ಗೆರೆಗಳು ಕೆಲವೇ, ಟೇಬಲ್ ಕೇಳುವ ಕೋನಗಳಿಗೆ ಲೆಕ್ಕವಿಲ್ಲ. ಪ್ರತಿ ಸಲ ಒಂದೇ ರೀತಿ ನಿಲ್ಲುವ ಶಿಸ್ತು ಮಾತ್ರ ಅವುಗಳಿಂದ ಬರುತ್ತದೆ, ಅದು ಸಣ್ಣ ಲಾಭವಲ್ಲ.

ಇನ್ನೊಂದು ಮಾತು. ಚೆಂಡು ಕೊಳೆಯಾದಷ್ಟೂ ಥ್ರೋ ಅಂದಾಜಿಗೆ ಸಿಗುವುದಿಲ್ಲ. ನಮ್ಮೂರಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಬಂದು ಅದೇ ಎಣ್ಣೆ ಕೈಯಲ್ಲಿ ಚೆಂಡು ಜೋಡಿಸುತ್ತಾರೆ. ಅದರ ಮೇಲೆ ಕ್ಯೂ ತುದಿಗೆ ಹಚ್ಚುವ ಚಾಕ್‌ನ ಪುಡಿ ಕೂರುತ್ತದೆ. ಚಾಕ್ ಕಲೆಯ ಮೇಲೇ ಚೆಂಡು ತಾಗಿತೋ, ಆ ಶಾಟ್ ಹೇಗೆ ಹೋಗುತ್ತದೆಂದು ಯಾರಿಗೂ ಹೇಳಲಾಗದು. ಕೈ ತೊಳೆಯಿರಿ, ಆಟಕ್ಕೆ ಮೊದಲು ಹಸಿ ಬಟ್ಟೆಯಲ್ಲಿ ಚೆಂಡು ಒರೆಸಿ ಒಣಗಿಸಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಸ್ನೂಕರ್ ಆಡಿ ಕಲಿತವನು ನಾನು. ಪೂಲ್ ಟೇಬಲ್‌ಗೆ ಬಂದರೆ ಗುರಿಯನ್ನು ಹೊಸದಾಗಿ ಕಲಿಯಬೇಕೇ?

ಉತ್ತರ: ಬೇಡ. ಸ್ನೂಕರ್ ಚೆಂಡು 52.5 ಮಿ.ಮೀ., ಪೂಲ್‌ನದ್ದು ಅದಕ್ಕಿಂತ ದೊಡ್ಡದು. ಆದರೆ ಒಂದೇ ಟೇಬಲ್‌ನ ವೈಟ್ ಮತ್ತು ಬಣ್ಣದ ಚೆಂಡು ಒಂದೇ ಅಳತೆ ಇದ್ದರೆ ಹಾಫ್ ಬಾಲ್ ಎಲ್ಲಿಯೂ 30 ಡಿಗ್ರಿಯೇ. ವೈಟ್ ಕಳೆದುಹೋಗಿ ಬೇರೆ ಸೆಟ್‌ನ ಚಿಕ್ಕ ವೈಟ್ ತಂದಿಟ್ಟಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಆಡುವ ಮೊದಲು ಎರಡು ಚೆಂಡನ್ನು ಅಕ್ಕಪಕ್ಕ ಇಟ್ಟು ಎತ್ತರ ನೋಡಿಕೊಳ್ಳಿ.