ನ್ಯೂಯಾರ್ಕಲ್ಲಿ ಲೈಸೆನ್ಸ್ ಇಲ್ದೆ ಮಸಾಜ್ ಮಾಡಿದ್ರೆ ಕೇಸ್ ಆಗುತ್ತಾ? ಊರಲ್ಲಿ ಅಭ್ಯಂಗ ಕಲ್ತಿದೀನಿ
ಆಗುತ್ತೆ, ಅದೂ ಸಣ್ಣ ಕೇಸಲ್ಲ. ಇಡೀ ಅಮೆರಿಕಾಗೆ ಅಂತ ಒಂದೇ ಲೈಸೆನ್ಸ್ ಇಲ್ಲ, ಒಂದೊಂದು ರಾಜ್ಯದ್ದು ಒಂದೊಂದು ರೂಲು, ಅದ್ರಲ್ಲಿ ನ್ಯೂಯಾರ್ಕ್ ಭಾರಿ ಸ್ಟ್ರಿಕ್ಟು. 1,000 ಗಂಟೆ ಕೋರ್ಸ್ ಮುಗಿಸ್ಬೇಕು, ಪರೀಕ್ಷೆ ಪಾಸಾಗ್ಬೇಕು, ಆಮೇಲೆ ರಿಜಿಸ್ಟ್ರೇಷನ್ ಪತ್ರಾನ ಕೆಲ್ಸ ಮಾಡೋ ಜಾಗದಲ್ಲೇ ಎಲ್ರಿಗೂ ಕಾಣೋ ಹಾಗೆ ಹಾಕಿರ್ಬೇಕು, ಇದ್ಯಾವ್ದೂ ಇಲ್ದೆ ಮಾಡಿ ಸಿಕ್ಕಿಬಿದ್ರೆ ಫೈನ್ ಕಟ್ಟಿ ಮನೆಗೆ ಬರೋ ಥರ ಅಲ್ಲ, ಅದು ‘ಕ್ಲಾಸ್ ಇ ಫೆಲೊನಿ’, ಅಂದ್ರೆ ಗಂಭೀರ ಅಪರಾಧದ ಲೆಕ್ಕ, 4 ವರ್ಷದವರೆಗೂ ಜೈಲಾಗ್ಬಹುದು. ವೀಸಾ ಮೇಲಿರೋರಿಗಂತೂ ಇನ್ನೂ ಫಜೀತಿ.

ಫ್ಲೋರಿಡಾದಲ್ಲಿ ಮಸಾಜ್ ಮಾಡೋ ಅಂಗಡಿಗೂ ಬೇರೆ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾ ಪೂರ್ತಿ ಉಲ್ಟಾ, ರಾಜ್ಯದ ಸರ್ಟಿಫಿಕೇಟ್ ಇಷ್ಟ ಇದ್ರೆ ತಗೋಬಹುದು ಅಷ್ಟೇ, ಆದ್ರೆ ನೀವಿರೋ ಸಿಟಿಯವ್ರು ಪರ್ಮಿಟ್ ಕೇಳ್ಬಹುದು. ಎಣ್ಣೆ ಬಾಟ್ಲು ಕೈಗೆ ತಗೊಳ್ಳೋಕ್ ಮುಂಚೆ ಸಿಟಿ ಆಫೀಸಲ್ಲಿ ವಿಚಾರಿಸ್ಕೊಳ್ಳಿ.